ಒಂಬೈನೂರಕ್ಕೆ ಐನೂರ ಎಪ್ಪತ್ತೊಂದು

೨೦೧೪ ಮಾರ್ಚ್ ೪, ಮಂಗಳವಾರ. ಬೆಳಿಗ್ಗೆಯಿಂದ ಮೋಡ, ಗಾಳಿ ಇಲ್ಲ, ಹತ್ತು ಗಂಟೆಗೇ ಅಂಗಿ ಬೆನ್ನಿಗೆ ಅಂಟುವ ಸೆಕೆ.

ಬ್ಯಾಂಕಿನ ಸಾಲದ ಮೇಜಿನಲ್ಲಿ ಕೂತವನು ನಗುವುದಕ್ಕೆಂದು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ನಗು ತಾನಾಗಿಯೇ ಟೋಕನ್ ಹಿಡಿದುಕೊಂಡು ಎದುರು ಬಂದು ಕೂರುತ್ತದೆ. ತೊಂಬತ್ತೇಳರಲ್ಲಿ ನಾನು ಕುಂದಾಪುರದ ಶಾಖೆಗೆ ಸೇರಿದಾಗ ಸಾಲ ಕೇಳಿ ಬಂದವರ ಮುಖ ನೋಡುತ್ತಿದ್ದೆವು, ಆಮೇಲೆ ಜಾಮೀನು ಹಾಕುವವರ ಮುಖ. ಕೆಲವು ವರ್ಷಗಳ ನಂತರ ಮುಂಬೈಯಿಂದ ಒಂದು ಅಂಕ ಬರತೊಡಗಿತು. ಹಿಂದಿನ ಸಾಲಗಳನ್ನು ನೀವು ಹೇಗೆ ಕಟ್ಟಿದ್ದೀರಿ ಎಂದು ನೋಡಿ, ಒಂಬೈನೂರಕ್ಕೆ ಇಷ್ಟು ಎಂದು ಕೊಡುವ ಅಂಕ. ಅದನ್ನು ಜನರಿಗೆ ವಿವರಿಸುವುದು ನನ್ನ ಕೆಲಸವಾಯಿತು. ಅವರು ನನಗೆ ವಿವರಿಸಿದ್ದೇ ಹೆಚ್ಚು.

೧. ಫಸ್ಟ್ ಕ್ಲಾಸ್

ಆ ಮಂಗಳವಾರ ಬಂದವರು ತ್ರಾಸಿಯ ಒಬ್ಬ ಮೀನು ವ್ಯಾಪಾರಿ. ಅವರ ಹೆಂಡತಿ ಕುಂದಾಪುರದ ಮೀನು ಮಾರ್ಕೆಟಿನಲ್ಲಿ ಕೂರುವವರು, ಊರಿಗೆಲ್ಲ ಅಕ್ಕ. ಆ ಲೆಕ್ಕದಲ್ಲಿ ಇವರು ಊರಿಗೆಲ್ಲ ಭಾವ.

ಭಾವ ಗಂಗೊಳ್ಳಿ ಬಂದರಿನ ಏಲಂನಲ್ಲಿ ಮೀನು ಕೊಂಡು, ಬಾಡಿಗೆಯ ವ್ಯಾನಿನಲ್ಲಿ ಹಾಕಿಕೊಂಡು ಉಡುಪಿಯವರೆಗಿನ ಹೋಟೆಲುಗಳಿಗೆ ಮುಟ್ಟಿಸುತ್ತಿದ್ದರು. ವ್ಯಾನಿನ ಯಜಮಾನರು ಈಗ ಅದನ್ನು ಮಾರಲು ಹೊರಟಿದ್ದರು. ಮೇ ಹದಿನೈದರವರೆಗೆ ಭಾವನಿಗಾಗಿ ಕಾಯುತ್ತೇನೆ, ಆಮೇಲೆ ಬೈಂದೂರಿನ ಒಬ್ಬರಿಗೆ ಕೊಡುತ್ತೇನೆ ಎಂದಿದ್ದರು. ಅದನ್ನು ಕೊಳ್ಳಲು ಭಾವನಿಗೆ ಸಾಲ ಬೇಕಿತ್ತು. ವ್ಯಾನು ಹೋದರೆ ವ್ಯಾಪಾರವೂ ಹೋಯಿತು. ಹತ್ತು ಬಾಕ್ಸ್ ಮೀನನ್ನು ಯಾವ ಬಸ್ಸಿನವರೂ ಹತ್ತಿಸುವುದಿಲ್ಲ.

ಕಂಪ್ಯೂಟರಿನಲ್ಲಿ ಅವರ ಅಂಕ ತೆಗೆದೆ. ಐನೂರ ಎಪ್ಪತ್ತೊಂದು.

“ಎಷ್ಟಕ್ಕೆ?” ಎಂದರು.

“ಒಂಬೈನೂರಕ್ಕೆ.”

ಭಾವ ಕಣ್ಣು ಮುಚ್ಚಿ ಲೆಕ್ಕ ಹಾಕಿದರು. ಏಲಂನಲ್ಲಿ ಪಳಗಿದ ತಲೆ, ಹೆಚ್ಚು ಹೊತ್ತು ಹಿಡಿಯಲಿಲ್ಲ. “ಅರವತ್ಮೂರ್ ಪರ್ಸೆಂಟ್! ಫಸ್ಟ್ ಕ್ಲಾಸ್ ಅಲ್ದಾ ಮಾರಾಯ್ರೆ? ಏಳನೇ ಕ್ಲಾಸಲ್ಲಿ ನಾನ್ ಇದ್ರ ಅರ್ಧ ತೆಗ್ದಿರ್ಲಿಲ್ಲೆ.”

“ಇಲ್ಲಿ ಏಳುನೂರ ಐವತ್ತಾದರೂ ಬೇಕು.”

“ಎಂಬತ್ಮೂರ್ ಪರ್ಸೆಂಟಾ? ಮೀನ್ ಸಾಗ್ಸೂಕೆ ಡಾಕ್ಟ್ರ ಮಾರ್ಕ್ ಎಂತಕ್ಕೆ?”

ಅಂಕ ಕಡಿಮೆಯಾದದ್ದು ಎಲ್ಲಿ ಎಂದು ತೋರಿಸಿದೆ. ಬ್ರಹ್ಮಾವರದ ಒಂದು ಫೈನಾನ್ಸ್ ಕಂಪೆನಿಯಿಂದ ತೆಗೆದ ಫ್ರಿಜ್ಜಿನ ಸಾಲದಲ್ಲಿ ಎರಡು ಸಾವಿರದ ಮುನ್ನೂರ ಹದಿನೆಂಟು ರೂಪಾಯಿ ಬಾಕಿ ಇದೆ ಎಂದಿತ್ತು.

“ಆ ಸಾಲ ತೀರ್ಸಿ ಐದ್ ವರ್ಷ ಆಯ್ತ್! ಫ್ರಿಜ್ಜೇ ಗುಜ್ರಿಗೆ ಹೋಯ್ತ್!”

“ತಪ್ಪಿದ್ದರೆ ನೀವೇ ಒಂದು ಅರ್ಜಿ ಹಾಕಿ ಸರಿಮಾಡಿಸಬಹುದು. ಅರ್ಜಿಗೆ ಖರ್ಚಿಲ್ಲ,” ಎಂದೆ.

ಭಾವ ನನ್ನನ್ನು ಅನುಮಾನದಿಂದ ನೋಡಿ ಹೊರಗೆ ಹೋದರು. ಮೆಟ್ಟಿಲ ಮೇಲೆ ನಿಂತು ಹೆಂಡತಿಗೆ ಫೋನಿನಲ್ಲಿ ಹೇಳಿದ್ದು ಒಳಗೆ ನಮಗೆಲ್ಲ ಕೇಳಿತು: “ಪಾಸಾಯ್ದೆ ಮಾರಾಯ್ತಿ. ಆರೆ ಸಾಲ ಮಾತ್ರ ಇಲ್ಲೆ ಅಂಬ್ರ್!”

೨. ಮುಂಬೈ ರಿಪೇರಿ

ಖರ್ಚಿಲ್ಲ ಎಂದದ್ದೇ ನನ್ನ ತಪ್ಪು. ಖರ್ಚಿಲ್ಲದ ಮದ್ದನ್ನು ನಮ್ಮ ಕಡೆ ಯಾರೂ ನಂಬುವುದಿಲ್ಲ.

ಮುಂಬೈಯ ಕ್ಯಾಂಟೀನಿನಲ್ಲಿದ್ದ ನೆಂಟರೊಬ್ಬರು ಭಾವನಿಗೆ ಒಂದು ಫೋನ್ ನಂಬರ್ ಕೊಟ್ಟರು. ಕೆಟ್ಟ ಅಂಕವನ್ನು ರಿಪೇರಿ ಮಾಡಿಕೊಡುವ ಕಂಪೆನಿಯಂತೆ. ಶುಲ್ಕ ಒಂಬತ್ತು ಸಾವಿರ, ಮೂರು ಕಂತು. ಭಾವ ಮೊದಲ ಕಂತು ಕಳಿಸಿಯೇ ಬಿಟ್ಟರು. ವಾರದೊಳಗೆ ಬಂಗಾರದ ಬಣ್ಣದ ಮುದ್ರೆ ಒತ್ತಿದ ಒಂದು ದಪ್ಪ ಫೈಲು ಬಂತು. ಇಂಗ್ಲಿಷಿನಲ್ಲಿತ್ತು, ಓದಿ ಹೇಳಲು ನನ್ನಲ್ಲಿಗೆ ತಂದರು. ಹನ್ನೆರಡು ಪುಟದ ಸಾರವನ್ನು ಹೇಳಿದೆ: ಸಾಲ ಹೊತ್ತಿಗೆ ಸರಿಯಾಗಿ ಕಟ್ಟಬೇಕು, ಬೇಡದ ಸಾಲ ಮಾಡಬಾರದು.

“ಅಷ್ಟೇಯಾ? ಇದನ್ನ ನಮ್ಮ್ ಅಜ್ಜಿ ಧರ್ಮಕ್ಕೆ ಹೇಳ್ತಿದ್ರಲೆ!”

ಕಂಪೆನಿಯ ಹೆಂಗಸು ಫೋನ್ ಮಾಡುತ್ತಿದ್ದದ್ದು ಸರಿಯಾಗಿ ಏಲಂನ ಹೊತ್ತಿಗೆ. ಬಂದರಿನಲ್ಲಿ ದರ ಕೂಗುವವನು ಒಬ್ಬನೇ. ಕೊಳ್ಳುವವರು ಬಾಯಿ ಬಿಡುವುದಿಲ್ಲ, ತಲೆ ಆಡಿಸುತ್ತಾರೆ. ತಲೆ ಆಡಿಸಿದರೆ ವ್ಯಾಪಾರ ಮುಗಿಯಿತು, ಅದಕ್ಕೆ ಕಾಗದವಿಲ್ಲ, ತಕರಾರೂ ಇಲ್ಲ. ಒಂದು ದಿನ ಆ ಹೆಂಗಸು ಹಿಂದಿಯಲ್ಲಿ ಹೆಸರು ಇದೇ ತಾನೇ, ಊರು ಇದೇ ತಾನೇ, ಹುಟ್ಟಿದ ದಿನ ಇದೇ ತಾನೇ ಎಂದು ಕೇಳುತ್ತ ಹೋದಳು. ಅವಳಿಗೆ ಕಾಣುತ್ತದೆ ಎಂಬಂತೆ ಭಾವ ಒಂದೊಂದಕ್ಕೂ ತಲೆ ಆಡಿಸಿದರು. ಫೋನ್ ಇಡುವಾಗ ಏಳು ಬುಟ್ಟಿ ಬಂಗುಡೆ ಅವರ ಪಾಲಿಗೆ ಬಿದ್ದಿತ್ತು.

ಆ ಬಂಗುಡೆಯ ನಷ್ಟದಿಂದ ಎರಡನೆಯ ಕಂತು ತಡವಾಯಿತು. ಕಂಪೆನಿಯಿಂದ ಕಾಗದ ಬಂತು. ಶುಲ್ಕ ಹೊತ್ತಿಗೆ ಬಾರದಿದ್ದರೆ ನಿಮ್ಮ ಅಂಕ ಇನ್ನೂ ಇಳಿಯುವ ಸಂಭವವಿದೆ ಎಂದು ಬರೆದಿದ್ದರು.

“ಗ್ಯಾರೇಜಿಗೆ ಬಿಟ್ಟ್ ವ್ಯಾನಿಗೆ ಗ್ಯಾರೇಜಿನವನೇ ಗುದ್ದುದಾ ಮಾರಾಯ್ರೆ?” ಎಂದು ಭಾವ ಕೇಳಿದರು. ಕೇಳಿ, ಸೀದಾ ಹೋಗಿ ಎರಡನೆಯ ಕಂತು ಕಟ್ಟಿದರು.

೩. ಮೈನಸ್ ಒಂದು

ಮರುದಿನ ಮಧ್ಯಾಹ್ನ ಮಾರ್ಕೆಟ್ ಮುಗಿಸಿ ಅಕ್ಕ ಬಂದರು. ಖಾಲಿ ಬುಟ್ಟಿಯನ್ನು ವಾಚ್‌ಮನ್‌ನ ಕೈಗೆ ಒಪ್ಪಿಸಿ, ನನ್ನೆದುರು ಕೂತರು.

“ಹ್ವಾಯ್, ಅರ್ಜಿ ನಾವೇ ಹಾಕೂಕೆ ಆತ್ತ್ ಅಂದ್ರಂಬ್ರಲೆ. ಹೌದಾ?”

“ಹೌದು. ಆದರೆ ಸಾಲ ಭಾವನ ಹೆಸರಿನಲ್ಲಿದೆ. ಅವರ ಸಹಿ ಬೇಕು.”

ಅಕ್ಕ ಸೊಂಟದ ಚೀಲದಿಂದ ಮಡಚಿದ ಮೂರು ಖಾಲಿ ಹಾಳೆ ತೆಗೆದರು. ಮೂರರ ಕೆಳಗೂ ಭಾವನ ಸಹಿ ಇತ್ತು.

“ಎಂತಕ್ಕೆ ಅಂತ ಕೇಳಲಿಲ್ಲವಾ ಅವರು?”

“ಮುಂಬೈಯವ್ರಿಗೆ ಕೇಣ್ದೆ ದುಡ್ಡೇ ಕೊಟ್ರ್. ನಂಗೆ ಕೇಣ್ದೆ ಸಹಿ ಕೊಡೂಕೆ ಎಂತ?”

ಅರ್ಜಿಗೆ ಬೇಕಾದ ಒಂದೇ ಹಾಳೆ ಇಟ್ಟುಕೊಂಡು ಉಳಿದದ್ದನ್ನು ಹಿಂದೆ ಕೊಟ್ಟೆ. ತಕರಾರು ಏನೆಂದು ಹೇಳಿ ಎಂದೆ.

“ಬರ್ಕಣಿ. ಫ್ರಿಜ್ ತರೂಕೆ ಹೋದ್ದ್ ಒಂದ್ ಶುಕ್ರವಾರ. ಅವತ್ತ್ ನಂಗೆ ಜ್ವರ...”

“ಜ್ವರ ಬೇಡ.”

“ಜ್ವರ ಇಲ್ದಿದ್ರೆ ಫ್ರಿಜ್ ತರೂಕೆ ನಾನೇ ಹೋತಿದ್ದೆ. ಇವ್ರ್ ಒಬ್ರೇ ಹೋದ್ದಕ್ಕೇ ಇಷ್ಟೆಲ್ಲ ಆದ್ದ್.”

‘ಸಾಲ ಪೂರ್ತಿ ತೀರಿಸಿದ್ದೇವೆ. ದಯವಿಟ್ಟು ಪರಿಶೀಲಿಸಿ’ ಎಂದು ಬರೆದೆ. ಅಕ್ಕ ಹಾಳೆಯನ್ನು ತಿರುಗಿಸಿ ಹಿಂದೆಯೂ ನೋಡಿದರು.

“ಇಷ್ಟೇಯಾ? ನಿಮ್ಗೆ ಬಾಯಲ್ಲೂ ಮಾತಿಲ್ಲೆ, ಕಾಗ್ದದಲ್ಲೂ ಇಲ್ಲೆ.”

ಅಷ್ಟರಲ್ಲಿ ಪಕ್ಕದ ಕುರ್ಚಿಯಲ್ಲಿದ್ದ ಸಾಲಿಗ್ರಾಮದ ಹಿರಿಯರೊಬ್ಬರ ಸರದಿ ಬಂತು. ನಲವತ್ತು ವರ್ಷ ಹೋಟೆಲ್ ನಡೆಸಿದವರು, ಒಂದು ರೂಪಾಯಿ ಸಾಲ ಮಾಡಿದವರಲ್ಲ. ಮೊದಲ ಸಲ ಕಾರಿಗೆಂದು ಸಾಲ ಕೇಳಲು ಬಂದಿದ್ದರು. ಸಾಲವನ್ನೇ ಮಾಡದವರ ಬಗ್ಗೆ ಮುಂಬೈಯವರಿಗೆ ಏನೂ ತಿಳಿದಿರುವುದಿಲ್ಲ. ಅಂಥವರಿಗೆ ಅಂಕದ ಜಾಗದಲ್ಲಿ ಮೈನಸ್ ಒಂದು ಎಂದು ಬರುತ್ತದೆ. ಅದನ್ನೇ ಹೇಳಿದೆ.

ಹಿರಿಯರ ಮುಖ ಕೆಂಪಾಯಿತು. “ಸಾಲ ಮಾಡ್ದೆ ಬದ್ಕಿದ್ದಕ್ಕೆ ಸೊನ್ನೆಯೂ ಇಲ್ಯಾ? ಸೊನ್ನೆಗಿಂತ ಕೆಳ್ಗಾ?”

ಅಕ್ಕ ಅವರತ್ತ ಬಾಗಿ ಮೆಲ್ಲಗೆ ಹೇಳಿದರು: “ಬೇಜಾರ್ ಮಾಡ್ಕಣ್ಬೇಡಿ. ನಮ್ಮನೆಯವ್ರ್ ಫಸ್ಟ್ ಕ್ಲಾಸ್. ಬೇಕಾರೆ ಅವ್ರತ್ರ ಕೇಣಿ, ಹ್ಯಾಂಗೆ ಸಾಲ ಮಾಡುದಂದೇಳಿ ಹೇಳಿ ಕೊಡ್ತ್ರ್.”

೪. ತಲೆ ಆಡಿಸಿದ್ದಕ್ಕೆ ರಶೀದಿ

ಅಕ್ಕನ ಅರ್ಜಿಗೆ ಏಪ್ರಿಲ್ ಕೊನೆಯಲ್ಲಿ ಉತ್ತರ ಬಂತು. ಬಾಕಿ ಇರುವುದು ನಿಜವೆಂದು ಫೈನಾನ್ಸಿನವರು ತಿಳಿಸಿದ್ದಾರೆ, ಅವರನ್ನೇ ವಿಚಾರಿಸಿ. ನಮ್ಮ ಮ್ಯಾನೇಜರು ಒಂದು ದಾರಿ ಹೇಳಿದರು. ಅಂಕ ಏರಲು ತಿಂಗಳುಗಳು ಬೇಕು, ಅಷ್ಟು ಕಾಯುವುದು ಬೇಡ. ಬಾಕಿ ಏನೂ ಇಲ್ಲ ಎಂದು ಫೈನಾನ್ಸಿನವರ ಪತ್ರ ತಂದರೆ ವ್ಯಾನಿಗೆ ಸಾಲ ಕೊಡೋಣ ಎಂದರು. ದಂಡ ಮನ್ನಾ ಮಾಡಿ ಎಂದು ಕೇಳುವ ಒಂದು ಅರ್ಜಿಯನ್ನೂ ನಾನು ಬರೆದುಕೊಟ್ಟೆ. ಮುಂದಿನದು ಅವರಿಬ್ಬರು ಬ್ರಹ್ಮಾವರಕ್ಕೆ ಹೋಗಿ ಬಂದು ಹೇಳಿದ್ದು.

ಫೈನಾನ್ಸಿನ ಗುಮಾಸ್ತ ಹಳೆಯ ಲೆಕ್ಕ ತೆರೆದ. “ಕೊನೆಯ ಕಂತು ಸಾವಿರದ ಹದಿನೆಂಟು. ನೀವು ಕಟ್ಟಿದ್ದು ಸಾವಿರ. ಹದಿನೆಂಟು ರೂಪಾಯಿ ಬಾಕಿ. ಉಳಿದದ್ದು ಐದು ವರ್ಷದ ದಂಡ.”

ಭಾವನಿಗೆ ಆಗ ನೆನಪಾಯಿತು. ಕೊನೆಯ ಕಂತು ಇಸಿದುಕೊಳ್ಳಲು ಫೈನಾನ್ಸಿನವರು ಬಂದರಿಗೇ ಬಂದಿದ್ದರು. ಮೀನಿನ ವ್ಯಾಪಾರದಲ್ಲಿ ಲೆಕ್ಕ ಮುಗಿಸುವಾಗ ಮೇಲಿನ ಚಿಲ್ಲರೆ ಬಿಡುವುದು ಮರ್ಯಾದೆ. ಬಿಡದವನ ಹತ್ತಿರ ಮರುದಿನ ಯಾರೂ ವ್ಯಾಪಾರ ಮಾಡುವುದಿಲ್ಲ.

“ಹದಿನೆಂಟ್ ಬಿಡಿ ಅಂದೆ. ಅವ್ರ್ ತಲೆ ಆಡ್ಸ್ರ್. ಮುಗೀತಲ್ದಾ?”

“ಯಾರು ಆಡಿಸಿದ್ದು?”

“ನಿಮ್ಮವ್ರೇ. ದಪ್ಪ ಮೀಸೆಯವ್ರ್.”

“ಅವರು ಕೆಲಸ ಬಿಟ್ಟು ನಾಲ್ಕು ವರ್ಷ ಆಯಿತು.”

“ಮೀಸೆ ಹೋದ್ರೆ ಮಾತೂ ಹೋತ್ತಾ?”

ಗುಮಾಸ್ತ ನಗಲಿಲ್ಲ. “ತಲೆ ಆಡಿಸಿದ್ದಕ್ಕೆ ರಶೀದಿ ಇದೆಯಾ?” ಎಂದು ಕೇಳಿದ.

ಭಾವ ಎರಡು ಸಾವಿರದ ಮುನ್ನೂರನ್ನೂ ಕಟ್ಟಿಬಿಡಲು ಪರ್ಸಿಗೆ ಕೈ ಹಾಕಿದರು. ಅಕ್ಕ ಆ ಕೈಯನ್ನು ಹಾಗೆಯೇ ಹಿಡಿದುಕೊಂಡರು. ದಂಡ ಬಿಡುವ ಅಧಿಕಾರ ಅಲ್ಲಿನ ಮ್ಯಾನೇಜರಿಗೆ ಮಾತ್ರ. ಅವರು ಬರುವುದು ಮಂಗಳವಾರ. ಮೇ ಆರರ ಮಂಗಳವಾರ ಅವರು ಯಾವುದೋ ಮದುವೆಗೆ ಹೋಗಿದ್ದರು. ಇನ್ನು ಉಳಿದದ್ದು ಒಂದೇ ಮಂಗಳವಾರ, ಮೇ ಹದಿಮೂರು.

ಆ ನಡುವೆ ಬೈಂದೂರಿನವರು ತ್ರಾಸಿಗೆ ಬಂದು ವ್ಯಾನು ನೋಡಿಕೊಂಡು ಹೋದರು. ಭಾವ ಬ್ಯಾಂಕಿಗೆ ಓಡಿ ಬಂದರು.

“ನನ್ನೆದ್ರೇ ನನ್ ಸೀಟಲ್ಲಿ ಕೂಕಂಡ್ ಹಾರ್ನ್ ಹೊಡ್ದ್ರ್ ಮಾರಾಯ್ರೆ! ಎದೆ ಧಸಕ್ ಅಂತ್.”

“ನೋಡಲು ಬಂದವರು ಹಾರ್ನ್ ಹೊಡೆಯುತ್ತಾರಪ್ಪ,” ಎಂದೆ.

“ಅದಕ್ಕಲ್ಲ. ಒಂಬತ್ತ್ ವರ್ಷದಿಂದ ಓಡ್ಸ್ತಿದ್ದೆ, ಅದ್ರಲ್ ಹಾರ್ನ್ ಇತ್ತಂದೇ ನಂಗೆ ಗೊತ್ತಿರ್ಲಿಲ್ಲೆ!”

೫. ಕಾಣೆ

ಹದಿಮೂರರಂದು ಭಾವನಿಗೆ ಬಂದರಿನಲ್ಲಿ ಲೋಡು. ಅವರ ಒಪ್ಪಿಗೆ ಪತ್ರ ಹಿಡಿದು ಅಕ್ಕ ಒಬ್ಬರೇ ಬ್ರಹ್ಮಾವರಕ್ಕೆ ಹೋದರು. ಮರುದಿನ ಬೆಳಿಗ್ಗೆ ನಾವು ಬಾಗಿಲು ತೆರೆಯುವಾಗ ಗಂಡ ಹೆಂಡತಿ ಇಬ್ಬರೂ ಮೆಟ್ಟಿಲ ಮೇಲಿದ್ದರು.

ಅಕ್ಕ ಪತ್ರವನ್ನು ಮೇಜಿನ ಮೇಲೆ ಇಟ್ಟರು. ಬಾಕಿ ಏನೂ ಇಲ್ಲ. ಸಹಿ ಇತ್ತು, ಮುದ್ರೆ ಇತ್ತು. ನಮ್ಮ ಮ್ಯಾನೇಜರು ಎರಡು ಸಲ ಓದಿ ಸಾಲ ಮಂಜೂರು ಮಾಡಿದರು. ಗಡುವಿಗೆ ಇನ್ನೂ ಒಂದು ದಿನ ಉಳಿದಿತ್ತು. ಭಾವ ಕುರ್ಚಿಯಿಂದ ಎದ್ದು, ಏನು ಮಾಡುವುದೆಂದು ತಿಳಿಯದೆ, ಮತ್ತೆ ಕೂತರು.

ಅವರ ಫೋನ್ ಹೊಡೆದುಕೊಂಡಿತು. ಮುಂಬೈ ಕಂಪೆನಿ. ನಿಮ್ಮ ಕೆಲಸ ಕೊನೆಯ ಹಂತದಲ್ಲಿದೆ, ಮೂರನೆಯ ಕಂತು ಕಳಿಸಿ ಎಂದು. ಅಕ್ಕ ಫೋನ್ ಕಸಿದುಕೊಂಡರು.

“ಹ್ವಾಯ್, ನಮ್ದ್ ರಿಪೇರಿ ಆಯ್ತ್. ನಿಮ್ಮಲ್ಲಿ ಯಾರ್ದಾರೂ ಸರಿ ಇಲ್ದಿದ್ರೆ ಹೇಳಿ, ಬ್ರಹ್ಮಾವರದ ಬದಿಯದ್ದಾರೆ ನಾನೇ ಮಾಡಿ ಕೊಡ್ತೆ.”

ಆ ಕಡೆಯವಳಿಗೆ ಏನು ತಿಳಿಯಿತೋ, ಫೋನ್ ಇಟ್ಟಳು. ಭಾವ ನಿಟ್ಟುಸಿರು ಬಿಟ್ಟರು.

“ನಾನಂತೂ ಆರ್ ಸಾವ್ರ ಹಾಳ್ ಮಾಡ್ದೆ. ನೀ ಕಡೆಗೆ ಎಷ್ಟ್ ಕೊಟ್ಟೆ? ಎರಡ್ ಸಾವ್ರದ ಮುನ್ನೂರೂ ಕೊಟ್ಟೆಯಾ?”

“ಹದಿನೆಂಟ್.”

“ಬರೀ ಹದಿನೆಂಟಾ? ದಂಡ?”

“ಇವ್ರ್ ಬರ್ದ್ ಕೊಟ್ಟ್ ಅರ್ಜಿ ಕಂಡ್ ಮ್ಯಾನೇಜ್ರ್ ದಂಡ ಹೊಡ್ದ್ ಹಾಕ್ರ್. ಆರೆ ಹದಿನೆಂಟ್ ಬಿಡೂಕೆ ದೇವ್ರ್ ಬಂದ್ರೂ ಆತಿಲ್ಲೆ ಅಂದ್ರ್.”

“ಇರ್ಲಿ ಬಿಡ್. ನಮ್ಮ್ ಕೈಯಿಂದ ಹದಿನೆಂಟ್ ಹೋಯ್ತ್, ಅಷ್ಟೇ ಅಲ್ದಾ?”

“ನಮ್ಮ್ ಕೈಯಿಂದ ಎಂತಕ್ಕೆ ಹೋಪುದ್?” ಅಕ್ಕ ಸೆರಗು ಸರಿಮಾಡಿಕೊಂಡರು. “ಪತ್ರ ಟೈಪ್ ಆಪ ಹೊತ್ತಿಗೆ ಆ ಮ್ಯಾನೇಜ್ರ್ ನನ್ನತ್ರ ಕೇಂಡ್ರ್, ‘ಎಂತ ವ್ಯಾಪಾರ ನಿಮ್ದ್?’ ಅಂದೇಳಿ. ಮೀನ್ ಅಂದೆ. ‘ಹೌದಾ? ರಾತ್ರಿ ನೆಂಟ್ರ್ ಬತ್ರ್, ಒಳ್ಳೆ ಕಾಣೆ ಮೀನ್ ಎರಡ್ ಕೇಜಿ ಸಿಕ್ಕತ್ತಾ?’ ಅಂದ್ರ್. ಅಲ್ಲೇ ಬ್ರಹ್ಮಾವರದ ಮಾರ್ಕೆಟಿಗೆ ಹೋಯಿ, ನನ್ ಗುರ್ತದವಳತ್ರ ಎಂಟ್ನೂರಕ್ಕೆ ತಂದೆ. ಅವ್ರಿಗೆ ಎಂಟ್ನೂರಿಪ್ಪತ್ತಕ್ಕೆ ಕೊಟ್ಟೆ. ಹದಿನೆಂಟ್ ಅವ್ರ್ ಕೌಂಟರಿಗೇ ಕಟ್ದೆ. ನಂಗೆ ಎರಡ್ ರೂಪಾಯಿ ಉಳೀತ್.”