ಡಬ್ಬಿಯನ್ನೇ ಪ್ಲಸ್ ಮಾಡಿಕೊಂಡ ಕಾರ್ ರೇಡಿಯೋ ಅವರಿಗೆ

ಮಾನ್ಯ ರೇಡಿಯೋ ಮಹಾಶಯರೇ,

ನಮ್ಮ ಮಾವನವರ ಹಳೆಯ ಟ್ಯಾಕ್ಸಿಯ ಡ್ಯಾಶ್‌ಬೋರ್ಡಿನಲ್ಲಿ ಇಷ್ಟು ವರ್ಷ ಯಾರ ಹಂಗೂ ಇಲ್ಲದೆ, ದನಿಯೂ ಹೊರಡಿಸದೆ ಕುಳಿತಿದ್ದು, ಕಳೆದ ವಾರವಷ್ಟೇ ನಾಲ್ಕು ಸ್ಕ್ರೂ ಕಳಚಿಕೊಂಡು ನನ್ನ ಅಂಗಡಿಯ ಬೆಂಚಿಗೆ ದಯಮಾಡಿಸಿದ ತಮಗೆ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರಿ ಎಂಬುದು ನನಗೆ ಗೊತ್ತು. ನನ್ನ ಕ್ಷೇಮವನ್ನು ತಾವು ಒಮ್ಮೆಯೂ ವಿಚಾರಿಸದ ಕಾರಣ ನಾನೇ ತಿಳಿಸಿಬಿಡುತ್ತೇನೆ, ಬ್ಯಾಟರಿ ಕಂಡರೆ ಈಗಲೂ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದೇನೆ. ಇದು ಬಹಿರಂಗ ಪತ್ರವೇ ಆದರೂ ಮಾವನವರಿಗೆ ಒಂದು ಪ್ರತಿ ಕಳಿಸುವ ಧೈರ್ಯ ನನಗಿಲ್ಲವೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ತಮಗೆ ನನ್ನ ಪರಿಚಯ ಅಷ್ಟಾಗಿ ಇರಲಾರದು. ಎಮರ್ಜೆನ್ಸಿ ಲೈಟು, ಟೇಪ್ ರೆಕಾರ್ಡರು, ಇನ್ವರ್ಟರುಗಳನ್ನು ರಿಪೇರಿ ಮಾಡಿ ಬದುಕುವವನು ನಾನು. ಬೀದಿಯವರೆಲ್ಲ ನನ್ನ ಕೈಗುಣವನ್ನು ಹೊಗಳುತ್ತಾರೆ, ಮಾವನವರ ಮನೆಯಲ್ಲಿ ಮಾತ್ರ ನನಗೆ ಸ್ಕ್ರೂಡ್ರೈವರ್ ಮುಟ್ಟಲು ಅಪ್ಪಣೆಯಿಲ್ಲ. ಹನ್ನೊಂದು ವರ್ಷಗಳ ಹಿಂದೆ, ಮದುವೆಯಾದ ಹೊಸತರಲ್ಲಿ, ಅವರ ಮನೆಯ ಕಾಲಿಂಗ್ ಬೆಲ್ ಸರಿಮಾಡಲು ಹೋಗಿ, ನೀರಿನ ಮೋಟಾರು ಹಾಕಿದಾಗಲೆಲ್ಲ ಬೆಲ್ಲು ಹೊಡೆದುಕೊಳ್ಳುವಂತೆ ಮಾಡಿಬಿಟ್ಟೆ. ಟ್ಯಾಂಕು ತುಂಬುವವರೆಗೆ, ಅಂದರೆ ಮುಕ್ಕಾಲು ಗಂಟೆ, ಅತ್ತೆಯವರು ಬಾಗಿಲಿಗೂ ಅಡುಗೆಮನೆಗೂ ಓಡಾಡಿದರು. ಅಂದೇ ಮಾವನವರು ಬೆಲ್ಲಿನ ವೈರು ಕಿತ್ತು, ‘ಬೆಲ್ ಮುಟ್ಟಬಾರದು, ಬಾಗಿಲು ತಟ್ಟಿ’ ಎಂದು ತಮ್ಮ ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದರು. ಈಗ ಅಲ್ಲಿ ಬಲ್ಬು ಬದಲಿಸಬೇಕಾದರೂ ಆಚೆ ಬೀದಿಯ ಎಲೆಕ್ಟ್ರಿಷಿಯನ್ನೇ ಬರುತ್ತಾನೆ, ನಾನು ಅವನಿಗೆ ಸ್ಟೂಲು ಹಿಡಿದುಕೊಂಡು ನಿಲ್ಲುತ್ತೇನೆ.

ಅಂಥ ಮಾವನವರು ತಮ್ಮನ್ನು ಟವೆಲ್ಲಿನಲ್ಲಿ ಸುತ್ತಿ ತಂದು ನನ್ನ ಮುಂದಿಟ್ಟರೆಂದರೆ ಅದು ತಮ್ಮ ಮಹಿಮೆಯೇ ಹೊರತು ನನ್ನದಲ್ಲ. ಆಚೆ ಬೀದಿಯ ಎಲೆಕ್ಟ್ರಿಷಿಯನ್ ತಮ್ಮ ವಯಸ್ಸು ಕೇಳಿಯೇ ಕೈಮುಗಿದಿದ್ದನಂತೆ. ತಮ್ಮೊಳಗಿನ ಟ್ರಾನ್ಸಿಸ್ಟರುಗಳು ಈಗ ಎಲ್ಲೂ ಸಿಗುವುದಿಲ್ಲ, ಒಮ್ಮೆ ಸುಟ್ಟರೆ ಮುಗಿಯಿತು. ತಮಗಿಂತ ಮೊದಲು ಅದೇ ಟ್ಯಾಕ್ಸಿಯಲ್ಲಿದ್ದ ತಮ್ಮ ಅಣ್ಣನವರು, ಅಂದರೆ ಮೊದಲ ರೇಡಿಯೋ, ಸಿಡಿಲು ಬಡಿದು ತೀರಿಕೊಂಡ ಕಥೆಯನ್ನು ಮಾವನವರು ನೆಂಟರು ಬಂದಾಗಲೆಲ್ಲ ಹೇಳುತ್ತಾರೆ. ಹೇಳಿದಾಗಲೆಲ್ಲ ಸಿಡಿಲು ಒಂದು ಸುತ್ತು ದಪ್ಪವಾಗುತ್ತದೆ. ಆ ದಿನವೂ ಅದನ್ನೇ ಹೇಳಿ ಮುಗಿಸಿ, ನನ್ನ ಮುಖವನ್ನೇ ನೋಡುತ್ತಾ, “ಅಳಿಯಂದಿರೇ, ಇದರದ್ದು ಎಲ್ಲಾ ಉಲ್ಟಾ. ಡಬ್ಬಿಗೆ ಪ್ಲಸ್ಸು, ವೈರಿಗೆ ಮೈನಸ್ಸು. ಇದೂ ಹೋದ್ರೆ ಇನ್ನೊಂದಿಲ್ಲ” ಎಂದರು. ಎಲ್ಲ ಬಲ್ಲವನಂತೆ ನಾನು ತಲೆಯಾಡಿಸಿದೆ.

ನನ್ನ ದೂರು ಇರುವುದು ಇಲ್ಲಿಯೇ. ಈಗಿನ ಕಾರುಗಳೆಲ್ಲ ಬ್ಯಾಟರಿಯ ಮೈನಸ್ಸನ್ನು ತಮ್ಮ ಕಬ್ಬಿಣದ ಮೈಗೆ ಸೇರಿಸಿಕೊಂಡು, ಪ್ಲಸ್ಸನ್ನು ವೈರಿನಲ್ಲಿ ಓಡಿಸಿಕೊಂಡು, ನಾಲ್ಕು ಜನರಂತೆ ಬಾಳುತ್ತಿರುವಾಗ, ತಾವು ಮತ್ತು ತಮ್ಮ ಟ್ಯಾಕ್ಸಿಯವರು ಮಾತ್ರ ಪ್ಲಸ್ಸನ್ನೇ ಮೈಗೆ ಹೊದ್ದು ಕುಳಿತಿದ್ದೀರಿ. ಕಾಲ ಬದಲಾಯಿತು, ರಸ್ತೆ ಬದಲಾಯಿತು, ಮಾವನವರ ತಲೆಗೂದಲು ಪೂರ್ತಿ ಹೋಯಿತು, ತಾವು ಹಿಡಿದ ಪಟ್ಟು ಬಿಡಲಿಲ್ಲ. ಇಂಥ ಸ್ಥಿರಚಿತ್ತಕ್ಕೆ ಎಷ್ಟು ಹಾರ ಹಾಕಿದರೂ ಸಾಲದು. ಆದರೆ ಇದನ್ನು ತಿಳಿಸುವ ಚೀಟಿಯನ್ನು ಬೆನ್ನ ಮೇಲಿಂದ ಯಾವ ಕಾಲದಲ್ಲೋ ಉದುರಿಸಿಕೊಂಡು, ನೋಡಲು ಮಾತ್ರ ಎಲ್ಲ ರೇಡಿಯೋಗಳಂತೆಯೇ ಕಾಣುವುದು ದೊಡ್ಡವರ ಲಕ್ಷಣವೇ? ಮುಂದಿನ ಸಲ ತಪ್ಪು ವೈರು ಹತ್ತಿರ ಬಂದಾಗ ತಾವು ದಯವಿಟ್ಟು ಒಮ್ಮೆ ಕೆಮ್ಮಬೇಕೆಂದೂ, ಅದು ಗೌರವಕ್ಕೆ ಕುಂದೆನಿಸಿದರೆ ಜಗತ್ತಿನ ಬ್ಯಾಟರಿಗಳನ್ನೆಲ್ಲ ಸಭೆ ಕರೆದು, ಒಂದೇ ಒಂದು ದಿನದ ಮಟ್ಟಿಗೆ ಪ್ಲಸ್ಸು ಮೈನಸ್ಸುಗಳನ್ನು ಅದಲು ಬದಲು ಮಾಡಿಸಿಕೊಡಬೇಕೆಂದೂ ಪ್ರಾರ್ಥಿಸುತ್ತೇನೆ.

ನಾನು ಅಜಾಗರೂಕನೆಂದು ತಾವು ಭಾವಿಸಬಾರದು. ಕಬ್ಬಿಣದ ಬೆಂಚಿಗೆ ತಮ್ಮ ಡಬ್ಬಿ ತಗುಲದಿರಲೆಂದು ಮರದ ಹಲಗೆ ಹಾಸಿದೆ. ಸ್ಪೀಕರ್ ಇಲ್ಲದೆ ಕರೆಂಟು ಕೊಟ್ಟರೆ ತಮಗೆ ಅಪಾಯವೆಂದು ಮೊದಲು ಸ್ಪೀಕರನ್ನೇ ಜೋಡಿಸಿದೆ. ಹೊಸ ಫ್ಯೂಸು ಹಾಕಿದೆ. ಬ್ಯಾಟರಿಗೂ ತಮಗೂ ನಡುವೆ ಕಾರಿನ ಇಂಡಿಕೇಟರಿನ ಒಂದು ಬಲ್ಬನ್ನು ಕಾವಲಿಗೆ ಕೂರಿಸಿದೆ, ಏನಾದರೂ ಎಡವಟ್ಟಾದರೆ ಹೆಚ್ಚಿನ ಕರೆಂಟನ್ನು ಅದು ತಾನೇ ಉರಿದು ತಡೆಯಲಿ ಎಂದು. ಆದರೆ ನನ್ನ ಅಂಗಡಿಯಲ್ಲೊಂದು ಪದ್ಧತಿಯಿದೆ. ಬ್ಯಾಟರಿಯ ಸಾಮಾನು ಯಾವುದೇ ಬರಲಿ, ಬಂದ ಕೂಡಲೇ ಅದರ ಕರೆಂಟಿನ ವೈರಿಗೆ ಒಂದು ಸುತ್ತು ಕೆಂಪು ಟೇಪು ಹಾಕಿಬಿಡುವುದು, ಕೆಲಸಕ್ಕೆ ಕೂತಾಗ ಕೆಂಪು ಕಂಡಲ್ಲಿ ಪ್ಲಸ್ಸು ಕೊಡುವುದು. ಮಾವನವರು ಹೊರಗೆ ಕಾಲಿಡುವ ಮೊದಲೇ ನನ್ನ ಕೈ ತಮ್ಮ ವೈರಿಗೂ ಟೇಪು ಸುತ್ತಿತ್ತು. ಮರುದಿನ ಮಾವನವರ ಮಾತು ಮರೆತುಹೋಗಿ, ನನ್ನದೇ ಟೇಪನ್ನು ಗುರುವಾಕ್ಯದಂತೆ ನಂಬಿ, ಕೆಂಪಿಗೆ ಪ್ಲಸ್ಸನ್ನೂ ಡಬ್ಬಿಗೆ ಮೈನಸ್ಸನ್ನೂ ಕೊಟ್ಟೆ.

ಬಲ್ಬು ಧಗ್ಗನೆ ಪೂರ್ತಿ ಹತ್ತಿಕೊಂಡಿತು. ಕ್ಲಿಪ್ಪನ್ನು ಕಿತ್ತೆಸೆದೆ, ಟೇಪನ್ನೂ ಕಿತ್ತೆ. ಸುಟ್ಟ ವಾಸನೆ ಬರುತ್ತಿದೆಯೋ ಎಂದು ತಮ್ಮ ಮೈಗೆ ಮೂಗು ಒತ್ತಿ ನಿಂತಾಗ, ನಿಜ ಹೇಳುತ್ತೇನೆ, ನನಗೆ ಅಳು ಬರುವಂತಾಗಿತ್ತು. ಹನ್ನೊಂದು ವರ್ಷಕ್ಕೊಮ್ಮೆ ಸಿಕ್ಕ ನಂಬಿಕೆಯನ್ನು ಹನ್ನೊಂದು ಸೆಕೆಂಡೂ ಉಳಿಸಿಕೊಳ್ಳಲಾಗಲಿಲ್ಲವಲ್ಲ ಎಂದು. ಮುಚ್ಚಳ ತೆರೆದು ನೋಡಿದೆ. ಯಾವುದೂ ಕಪ್ಪಾಗಿರಲಿಲ್ಲ. ಮುಚ್ಚಳದ ಒಳಬದಿಗೆ ಮಾತ್ರ ಹಳದಿಗಟ್ಟಿದ ಒಂದು ಚೀಟಿ ಅಂಟಿತ್ತು, ಮಾವನವರ ಮನೆಯ ಬಾಗಿಲ ಮೇಲಿರುವ ಅದೇ ದಪ್ಪ ಅಕ್ಷರದಲ್ಲಿ: ‘ಡಬ್ಬಿಗೆ ಪ್ಲಸ್. ಮೊದಲನೆಯದನ್ನು ನಾನೇ ಸುಟ್ಟೆ. ಇದನ್ನು ಸುಡಬಾರದು.’

ಇಷ್ಟು ವರ್ಷ ಈ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು, ಸಿಡಿಲಿನ ಕಥೆ ಕೇಳಿದಾಗಲೆಲ್ಲ ಕಿಸಕ್ಕೆನ್ನದೆ ಕುಳಿತಿದ್ದ ತಮ್ಮ ಸಂಯಮಕ್ಕೆ ನಾನು ಮರುಳಾದೆ. ಆದರೆ ಹನ್ನೊಂದು ವರ್ಷ ನಾನು ಸ್ಟೂಲು ಹಿಡಿದದ್ದನ್ನು ಕೇಳಿಯಾದರೂ ತಾವು ಬಾಯಿ ಬಿಡಬಹುದಿತ್ತು.

ಅಷ್ಟರಲ್ಲಿ ಮಾವನವರೇ ಬಂದರು. ನಾನು ಗಡಿಬಿಡಿಯಲ್ಲಿ ಮುಚ್ಚಳ ಹಾಕಿದೆ. ಒಳಗೆ ಏನಾದರೂ ಇತ್ತೇ ಎಂದು ಕೇಳಿದರು. ಧೂಳಿತ್ತು ಮಾವ, ಎಂದೆ. ಅವರು ನನ್ನ ಮೊಣಕೈಗೆ ಅಂಟಿಕೊಂಡಿದ್ದ ಕೆಂಪು ಟೇಪಿನ ತುಂಡನ್ನು ಬಿಡಿಸಿ, ಉಂಡೆ ಮಾಡಿ ತಮ್ಮ ಜೇಬಿಗೆ ಹಾಕಿಕೊಂಡರು. ಇಬ್ಬರೂ ಸೇರಿ ಡಬ್ಬಿಗೆ ಪ್ಲಸ್ಸು, ವೈರಿಗೆ ಮೈನಸ್ಸು ಕೊಟ್ಟೆವು. ಬಲ್ಬು ಮಂದವಾಗಿ ಮಿಣುಕಿತು. ತಾವು ಗೊರಗೊರ ಎಂದು ಗಂಟಲು ಸರಿಮಾಡಿಕೊಂಡು, ಇಷ್ಟು ವರ್ಷದ ಮೌನ ಮುರಿದು ಮೊಟ್ಟಮೊದಲು ಹೇಳಿದ್ದು ಹವಾಮಾನ ವರ್ತಮಾನ: ಆಕಾಶ ಶುಭ್ರವಾಗಿದ್ದು ಗುಡುಗು ಸಿಡಿಲಿನ ಸಂಭವವಿಲ್ಲ. ನಾನು ಕಿಟಕಿ ನೋಡಿದೆ, ಮಾವನವರು ಬ್ಯಾಟರಿ ನೋಡಿದರು. ಹೊರಡುವಾಗ ಬಾಗಿಲಲ್ಲಿ ನಿಂತು, “ಅಳಿಯಂದಿರೇ, ನಾಳೆ ಮನೆ ಕಡೆ ಬನ್ನಿ. ಆ ಬೆಲ್ ಒಂದು ನೋಡ್ಬೇಕಿತ್ತು” ಎಂದರು.

ಆದ್ದರಿಂದ ಮೇಲಿನ ದೂರುಗಳನ್ನೆಲ್ಲ ಈ ಮೂಲಕ ಹಿಂದಕ್ಕೆ ಪಡೆಯುತ್ತೇನೆ, ಕೆಮ್ಮುವ ವಿಷಯ ಒಂದನ್ನು ಬಿಟ್ಟು.

ಇಂತು,
ಉಲ್ಟಾ ಜೋಡಿಸಿದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಟ್ಯಾಕ್ಸಿ ಮಾವನವರ ಅಳಿಯ

ತಾ.ಕ.: ಬೆಲ್ಲು ರಿಪೇರಿಯಾಯಿತು. ಈಗ ಮೋಟಾರು ಹಾಕಿದರೆ ಬೆಲ್ಲು ಹೊಡೆಯುವುದಿಲ್ಲ. ಬೆಲ್ಲು ಒತ್ತಿದರೆ ಮೋಟಾರು ಶುರುವಾಗುತ್ತದೆ. ಬಿರುಬಿಸಿಲಿನ ದಿನ, ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ, ಆದರೂ ಸಿಡಿಲು ಬಡಿದಿರಬೇಕು ಎಂದು ಮಾವನವರೇ ಅತ್ತೆಯವರಿಗೆ ಹೇಳಿದ್ದಾರೆ. ತಾವು ದಯವಿಟ್ಟು ಎಂದಿನಂತೆ ಬಾಯಿ ಮುಚ್ಚಿಕೊಂಡಿರಬೇಕು.