ಎಡಕ್ಕೆ ಹೊರಟ ಅಗಸ್ತ್ಯ

ನಕ್ಷತ್ರ ಗುರುತಿಸುವುದೇನು ಮಹಾವಿದ್ಯೆಯೇ? ಹೈದರಾಬಾದಿನಲ್ಲಿ ದಿನಕ್ಕೊಂದರಂತೆ ಏಳುತ್ತಿರುವ ಐಟಿ ಕಟ್ಟಡಗಳಿಗೆ ದೀಪ ಹಾಕಿಸುವ ಎಲೆಕ್ಟ್ರಿಕಲ್ ಎಂಜಿನಿಯರ್ ನಾನು. ಆಕಾಶದಲ್ಲಿ ಒಂದು ದೀಪ ಹುಡುಕಲಾರೆನೇ?

ಕಲಬುರಗಿಯಿಂದ ಕೂಕಟ್‌ಪಲ್ಲಿಯ ನಮ್ಮ ಮನೆಗೆ ಬಂದಿದ್ದ ಮಾವನವರಿಗೆ ಅಂದು ಉಪವಾಸ. ಅಗಸ್ತ್ಯ ನಕ್ಷತ್ರ ಕಂಡು, ಅರ್ಘ್ಯ ಕೊಟ್ಟ ಮೇಲೆಯೇ ಊಟ.

"ಈ ಊರಾಗ ನನಗ ದಿಕ್ಕು ತಿಳಿವಲ್ದು. ನೀವು ತೋರಸ್ರಿ ಅಳಿಯಂದ್ರ," ಎಂದರು.

ಮದುವೆಯಾದ ಎಂಟು ವರ್ಷಗಳಲ್ಲಿ ಅವರು ನನ್ನನ್ನು ನಂಬಿ ಒಪ್ಪಿಸಿದ ಮೊದಲ ಕೆಲಸ! ಮಾನ ಗಳಿಸಿದರೆ ಇಂದೇ ಗಳಿಸಬೇಕು. ಕೂಡಲೇ ಅಗಸ್ತ್ಯನ ಲಕ್ಷಣಗಳನ್ನು ಬಾಯಿಪಾಠ ಮಾಡಿದೆ. ದಕ್ಷಿಣ ದಿಕ್ಕು. ನೆಲಕ್ಕೆ ಹತ್ತಿರ. ಬಿಳಿಯ ಬಣ್ಣ. ಲುಬ್ಧಕನನ್ನು ಬಿಟ್ಟರೆ ಇವನೇ ಪ್ರಕಾಶಮಾನ. ಮಿನುಗುತ್ತಾನೆ.

ಏಳೂವರೆಗೆ ತಾರಸಿ ಹತ್ತಿದೆವು. ಹಿಂದೆ ತಂಬಿಗೆ ಹಿಡಿದ ನನ್ನ ಹೆಂಡತಿ ಶಾರದಾ.

"ಅಗೋ!" ಎಂದೆ. ಜಾತಕ ಕೂಡಿಬಂದಂತೆ ಎಲ್ಲ ಲಕ್ಷಣ ಕೂಡಿತ್ತು.

"ಭಾಳ ಮಿನುಗಾಕತ್ತೈತಲ್ರೀ!" ಮಾವನವರಿಗೆ ರೋಮಾಂಚನ. ಮೂರು ಸಲ ಅರ್ಘ್ಯ ಬಿಟ್ಟು, ಕಣ್ಣು ಮುಚ್ಚಿ ಕೈಮುಗಿದರು. ಕಣ್ಣು ತೆರೆದರೆ ನಕ್ಷತ್ರ ಎಡಕ್ಕೆ ಹೊರಟಿದೆ!

"ಅಳಿಯಂದ್ರ, ಅಗಸ್ತ್ಯ ಎಲ್ಲಿಗಿ ಹೊಂಟ?"

"ಭೂಮಿ ತಿರಗತೈತಲ್ರೀ, ಮಾವಾರ."

"ಇಷ್ಟು ಜೋರೇನ್ರೀ?"

ನಕ್ಷತ್ರ ನಿಂತಿತು. ಸ್ವಲ್ಪ ಯೋಚಿಸಿ, ಬಲಕ್ಕೆ ಮರಳಿತು.

"ರೀ, ಈಗ ಭೂಮಿ ರಿವರ್ಸ್ ಹೊಂಟೈತೇನು?" ಎಂದಳು ಶಾರದಾ.

ಅದೇ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ಸೈಟಿನ ಸೂಪರ್‌ವೈಸರ್. ಅವನ ಗಂಟಲಿಗೆ ಸ್ಪೀಕರ್ ಬೇಕಿಲ್ಲ.

"ಸಾಬ್, ಕ್ರೇನ್ ಕಾ ಲೈಟ್ ಝಪಕ್ ರಾ! ಆಪ್ ಕಾ ವೈರ್ ಲೂಸ್ ಹೈ!"

ಮನೆಯ ದಕ್ಷಿಣಕ್ಕೇ ಇದ್ದ ನಮ್ಮ ಸೈಟಿನ ಕ್ರೇನಿನ ತುದಿಗೆ, ಈಗ ಮಿಣುಕುತ್ತಿದ್ದ ಆ ದೀಪವನ್ನು ನಿನ್ನೆ ನಾನೇ ನಿಂತು ಹಾಕಿಸಿದ್ದೆ. ಹಸಿದ ಹಿರಿಯರಿಂದ ಅದಕ್ಕೆ ಅರ್ಘ್ಯವನ್ನೂ ಕೊಡಿಸಿದ್ದೆ! ನಾಚಿಕೆಯಿಂದ ನೀರಿನ ಟ್ಯಾಂಕಿನ ಹಿಂದೆ ಅಡಗಬೇಕೆನಿಸಿತು. ಅಲ್ಲಿಗೆ ಮಾವನವರು ಆಗಲೇ ಹೋಗಿದ್ದರು. ಟ್ಯಾಂಕಿನ ಆಚೆ ನಿಜವಾದ ಅಗಸ್ತ್ಯನನ್ನು ತಾವೇ ಹುಡುಕಿ, ಮತ್ತೆ ಅರ್ಘ್ಯ ಬಿಟ್ಟರು.

"ಹೆಂಗ ಗುರ್ತು ಹಿಡಿದ್ರಿ?" ಎಂದು ಮೆಲ್ಲಗೆ ಕೇಳಿದೆ.

"ನಿಂತಲ್ಲೇ ನಿಂತಾನ. ನಿಮ್ಮ ವೈರಿಂಗ್ ಅಲ್ಲ ಬಿಡ್ರಿ."

ಕೆಳಗಿಳಿದು, ತಣ್ಣಗಾದ ರೊಟ್ಟಿಯ ಮುಂದೆ ತಲೆ ತಗ್ಗಿಸಿ ಕೂತೆ. ಅಷ್ಟರಲ್ಲಿ ನೆತ್ತಿಯ ಮೇಲಿನ ಟ್ಯೂಬ್‌ಲೈಟು ಮಿನುಗತೊಡಗಿತು. ಅದನ್ನು ಹಾಕಿದವನೂ ನಾನೇ. ಮಾವನವರು ಒಮ್ಮೆ ಅದನ್ನು ನೋಡಿದರು, ಒಮ್ಮೆ ನನ್ನನ್ನು. ಆಮೇಲೆ ಮಗಳ ಕಡೆ ಕೈಚಾಚಿದರು.

"ತಂಬಿಗಿ ತಾರವ್ವಾ!"