ಮಾವನ ಕಾರಿನ ಗಟ್ಟಿ ಗೇರು

ನನ್ನ ಸೋದರಮಾವ ಕಾರು ಓಡಿಸುತ್ತಾರೆಂದು ದೇವದುರ್ಗದ ಜನ ನಂಬಿದ್ದಾರೆ. ಪಕ್ಕದ ಸೀಟಿನಲ್ಲಿ ಕುಳಿತು ಕಣ್ಣಾರೆ ಕಂಡವನು ನಾನು, ನನ್ನ ಮಾತು ಕೇಳಿ: ಅವರು ಕಾರಿನ ವಿಚಾರಣೆ ನಡೆಸುತ್ತಾರೆ! ಗೇರು ಬದಲಿಸುವ ಮೊದಲು ಗದರಿಸುತ್ತಾರೆ, ಬದಲಿಸುವಾಗ ಹಲ್ಲು ಕಚ್ಚುತ್ತಾರೆ, ಬೀಳದಿದ್ದರೆ, "ಯಾಕ ಬೀಳವಲ್ಲಿ? ಹೇಳು, ಯಾರ ಕಲಿಸಿಕೊಟ್ಟಾರ ನಿನಗ?" ಎಂದು ಕೇಳುತ್ತಾರೆ.

ಗೇರು ಗಟ್ಟಿಯಾಗಿ ಕೆಲವು ತಿಂಗಳಾದವು. ಬೇರೆಯವರಿಗಾದರೆ ಇದು ತಮಾಷೆ. ನಮ್ಮ ಅತ್ತೆಯ ಮೂತ್ರಪಿಂಡಗಳು ಕೈಕೊಟ್ಟಿವೆ. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ರಾಯಚೂರಿಗೆ ಹೋಗಲೇಬೇಕು. ಬರುವಾಗ ಬಸ್ಸಿನಲ್ಲಿ ನಿಲ್ಲುವುದಿರಲಿ, ಕೂರುವ ತ್ರಾಣವೂ ಇರುವುದಿಲ್ಲ. ಕಾರು ನಿಂತರೆ ಏನೇನು ನಿಲ್ಲುತ್ತದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಹೇಳುವವರಿಲ್ಲ.

ಒಬ್ಬ ಡ್ರೈವರನ್ನು ಇಟ್ಟುಕೊಳ್ಳಬಾರದೇ ಎನ್ನುತ್ತೀರಾ? ಅಲ್ಲೇ ಇರುವುದು ತೊಡಕು! ಮಾವನ ಕಾರು ಹತ್ತುವವರು ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿ ಡಿಕ್ಕಿಯಲ್ಲಿಡಬೇಕು. ಅವರು ಓಡಿಸುವುದೂ ಬರಿಗಾಲಲ್ಲೇ. ಡ್ರೈವರ್ ಸೀಟಂತೂ ಅವರ ಗದ್ದುಗೆ, ಮತ್ತೊಬ್ಬರು ಕೂರುವಂತಿಲ್ಲ.

"ಕ್ಲಚ್ ಅಂದ್ರ ಒಬ್ಬರ ಕಾಲಿಗೆ ಒಗ್ಗಿರ್ತದ ಅಳಿಯಾ. ಇನ್ನೊಬ್ಬರ ಪಾದ ಬಿತ್ತೋ, ಕೆಟ್ಟಂಗ!"

ಗ್ಯಾರೇಜಿನ ಮಿಸ್ತ್ರಿ ಟ್ರಯಲ್ ನೋಡಬೇಕೆಂದರೂ ಇವರೇ ಓಡಿಸಬೇಕು, ಅವನು ಪಕ್ಕದಲ್ಲಿ ಕುಳಿತು ಸದ್ದು ಕೇಳಬೇಕು. ಪರದೆಯ ಆಚೆ ನಿಂತು ನಾಡಿ ನೋಡುವ ಹಕೀಮನ ಪಾಡು!

ಮೊದಲು ಸಿಕ್ಕಿಬಿದ್ದದ್ದು ಗೇರ್ ಆಯಿಲ್. ಹಳೆಯದನ್ನು ಬೆರಳಿಗೆ ಹಚ್ಚಿ ಮೂಸಿ, "ಗಂಜಿ ಆಗ್ಯಾದ" ಎಂದು ಬದಲಿಸಿದರು. ಗೇರು ಜಗ್ಗಲಿಲ್ಲ. ಪೆಡಲಿನ ಕೆಳಗೆ ಅಡ್ಡ ಬರುತ್ತದೆಂದು ರಬ್ಬರಿನ ಮ್ಯಾಟನ್ನು ಗಡೀಪಾರು ಮಾಡಿದರು. ಅತ್ತೆ ಅದನ್ನು ತೊಳೆದು ಬಚ್ಚಲ ಮುಂದೆ ಹಾಸಿದರು. ಆಮೇಲೆ ಕ್ಲಚ್ಚಿನ ಕೇಬಲ್ಲು. ಅದೂ ನಿರಪರಾಧಿ!

ಕಡೆಗೆ ಮಾವ ಒಂದು ಪರೀಕ್ಷೆ ಹೂಡಿದರು. ಎಂಜಿನ್ ಬಂದ್ ಮಾಡಿ ಗೇರು ಹಾಕಿದರು: ಸಲೀಸಾಗಿ ಬಿತ್ತು. ಚಾಲೂ ಮಾಡಿ ಹಾಕಿದರು: ಕರ್ರೆಂದಿತು. "ನೋಡಿದ್ಯಾ? ಗೇರಿನ ತಪ್ಪಿಲ್ಲ. ಕ್ಲಚ್ ಪೂರಾ ಬಿಡವಲ್ದು!" ತರ್ಕದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಬಂದವರಿಗೆಲ್ಲ ಚಹಾಕ್ಕೂ ಮೊದಲು ಈ ಪ್ರಯೋಗ ತೋರಿಸಿದರು. ಮಾನ್ವಿಗೆ ಹೋಗಿ ಕ್ಲಚ್ ಪ್ಲೇಟನ್ನೇ ಬದಲಿಸಿಕೊಂಡು ಬಂದರು. ಬರುವ ದಾರಿಯಲ್ಲೇ ಕರ್ರೆಂದಿತು. ಮರುದಿನ ಮತ್ತೆ ಮಾನ್ವಿಗೆ ಹೋದಾಗ ಮಿಸ್ತ್ರಿ ಕೈಮುಗಿದ.

"ಸಾವ್ಕಾರ್ರ, ಆಯಿಲ್ ಹೊಸಾದು, ಕೇಬಲ್ ಹೊಸಾದು, ಪ್ಲೇಟ್ ಹೊಸಾದು. ಇನ್ನ ಹೊಸಾದು ಹಾಕೂದು ಅಂದ್ರ ಕಾರ್ ಒಂದ ಉಳದದ!"

ಹೋದ ವಾರ ಬೆಳಿಗ್ಗೆ ಅತ್ತೆಯ ಜೊತೆ ನಾನೂ ಹೊರಟಿದ್ದೆ. ಗಬ್ಬೂರಿನ ಬಸ್ ನಿಲ್ದಾಣದ ಬಳಿ ಕುರಿಮಂದೆ ಅಡ್ಡ ಬಂತು. ಮಾವ ವೇಗ ಇಳಿಸಿದರು, ಎರಡನೇ ಗೇರಿಗೆ ಎಳೆದರು. ಬೀಳಲಿಲ್ಲ. ಕಾರು ಜಗ್ಗಿ ರಸ್ತೆಗೆ ಅಡ್ಡಲಾಗಿ ನಿಂತುಬಿಟ್ಟಿತು. ಎದುರಿನಿಂದ ಬಂದ ಬಸ್ಸು ನಮ್ಮ ಬಾಗಿಲಿಗೆ ಗೇಣು ದೂರದಲ್ಲಿ ನಿಂತಿತು. ಅದರ ಚಾಲಕ ಕಿಟಕಿಯಿಂದ ಬಗ್ಗಿದ.

"ಯಜಮಾನ್ರ, ಮನ್ಯಾಗ ಮಲಕೋರಿ! ಮಂದೀನ ಯಾಕ ಕೊಲ್ತೀರಿ?"

ಮಾವ ಮತ್ತೆ ಎಂಜಿನ್ ಚಾಲೂ ಮಾಡಿದರು. ಗೇರು ಯಾಕೆ ಬೀಳುತ್ತಿಲ್ಲವೆಂದು ನಾನು ತಲೆ ತಗ್ಗಿಸಿ ಕೆಳಗೆ ನೋಡಿದೆ. ಕಂಡದ್ದನ್ನು ಕಂಡಂತೆಯೇ ಬರೆಯುತ್ತೇನೆ. ಮಾವನ ಎಡಗಾಲು ಪೆಡಲಿನ ಮೇಲಿತ್ತು. ಪೆಡಲು ಅರ್ಧದಷ್ಟು ಇಳಿದು ನಿಂತಿತ್ತು.

"ಮಾವಾ, ಪೂರಾ ಒತ್ರಿ."

"ಒತ್ತೀನಲ್ಲೋ! ನೆಲಕ್ಕ ಹತ್ತ್ಯಾದ."

ನೆಲಕ್ಕೆ ಹತ್ತಿರಲಿಲ್ಲ. ಪಾದದ ಅಂಚಿನಲ್ಲಿ ಒಂದು ಜಾಲಿಮುಳ್ಳು ಬುಡದವರೆಗೂ ಇಳಿದಿತ್ತು. ಸುತ್ತಲಿನ ರಕ್ತ ಒಣಗಿ ಕಪ್ಪಾಗಿತ್ತು. ಎಂದರೆ ಮುಳ್ಳು ಅವತ್ತಿನದಲ್ಲ. ಅದರ ಮೇಲೇ ಒತ್ತುತ್ತಿದ್ದರು, ಮುಖದ ಮೇಲೆ ನೋವಿನ ಒಂದು ಗೆರೆಯೂ ಇರಲಿಲ್ಲ.

ಕಾರನ್ನು ಹೇಗೋ ರಸ್ತೆ ಬದಿಗೆ ತಳ್ಳಿಸಿದೆವು. ಮುಳ್ಳು ಕಿತ್ತು ಅಂಗೈಯಲ್ಲಿಟ್ಟು ತೋರಿಸಿದೆ. ಮಾವ ಅದನ್ನು ನೋಡಿದರು, ಪಾದವನ್ನು ನೋಡಿದರು. ಯಾರದೋ ಪಾದವನ್ನು ನೋಡಿದಂತೆ ನೋಡಿದರು. ಸಕ್ಕರೆ ಕಾಯಿಲೆ ಅವರಿಗೆ ಹಳೆಯದು. ಅದು ಯಾವಾಗ ಪಾದಕ್ಕಿಳಿದು ಸ್ಪರ್ಶವನ್ನು ತಿಂದುಹಾಕಿತ್ತೋ! ಪೆಡಲು ಎಷ್ಟು ಇಳಿಯಿತೆಂಬುದೇ ಆ ಕಾಲಿಗೆ ತಿಳಿಯುತ್ತಿರಲಿಲ್ಲ.

"ಮೊನ್ನಿ ಸುಡೋ ನೀರಾಗ ಕಾಲಿಟ್ಟು ಸುಮ್ನ ಕುಂತಿದ್ರಿ," ಹಿಂದಿನ ಸೀಟಿನಿಂದ ಅತ್ತೆ ಮೆಲ್ಲಗೆ ಹೇಳಿದರು. "ಡಾಕ್ಟರಿಗೆ ತೋರಸ್ರಿ ಅಂದ್ರ ಕೇಳ್ಲಿಲ್ಲ."

"ತೋರ್ಸಿದ್ರ ಗಾಡಿ ಓಡಸೂದು ಬಿಡು ಅಂತಿದ್ರು," ಎಂದರು ಮಾವ. "ನಿನ್ನ ಯಾರ ಒಯ್ತಿದ್ರು?"

ಅತ್ತೆಯ ಡಯಾಲಿಸಿಸ್ಸಿನ ಹೊತ್ತು ಮೀರುತ್ತಿತ್ತು. ಮಾವ ತಾವಾಗಿಯೇ ಇಳಿದು, ಕುಂಟದೆ, ಸುತ್ತಿ ಬಂದು ನನ್ನ ಬಾಗಿಲು ತೆಗೆದರು. "ಆ ಕಡಿ ಹೋಗು."

ಗದ್ದುಗೆಯ ಮೇಲೆ ಕುಳಿತೆ. ಎಂಜಿನ್ ಚಾಲೂ ಮಾಡಿ ಕ್ಲಚ್ ಒತ್ತಿದೆ. ಗೇರು ಸದ್ದಿಲ್ಲದೆ ಬಿತ್ತು. ಕರ್ರೆನ್ನಲಿ ದೇವರೇ ಎಂದು ನಾನು ಬೇಡಿಕೊಂಡಿದ್ದೆ. ಕಾರಿನಲ್ಲಿ ದೋಷವಿದ್ದಿದ್ದರೆ ಇನ್ನೊಂದು ಸಾಮಾನು ಹಾಕಿಸಬಹುದಿತ್ತಲ್ಲ!

ಮಾವ ಕಿಟಕಿಯಾಚೆ ಭತ್ತದ ಗದ್ದೆ ನೋಡುತ್ತಿದ್ದರು. ಸ್ವಲ್ಪ ದೂರ ಹೋದ ಮೇಲೆ ಅವರ ಬಲಗೈ ತಾನಾಗಿ ಬಂದು ಗೇರಿನ ಹಿಡಿಯ ಮೇಲೆ ಕುಳಿತಿತು.

"ನೀ ಒತ್ತು ಅಳಿಯಾ. ಗೇರ್ ನಾ ಹಾಕ್ತೀನಿ."

ಒತ್ತಿದೆ. ಹಾಕಿದರು. ಹಾಕಿದ ಕೈಯನ್ನು ತೆಗೆಯಲಿಲ್ಲ. ಅತ್ತೆ ಮುಂದಕ್ಕೆ ಬಾಗಿ, ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ತಮ್ಮ ಕೈಯನ್ನು ಆ ಕೈಯ ಮೇಲಿಟ್ಟರು.

"ಮೂರನೇದ್ದ ಹಾಕ್ರಿ ಇನ್ನ," ಎಂದರು. "ರಾಯಚೂರ ದೂರ ಅದ."